ರಮಾಬಾಯಿಯವರ ಸ್ಮೃತಿಗ್ರಂಥದಲ್ಲಿ ಬಾಲೆಯ ಮೈಮನಗಳು

ನಾಸಿಕ ಜಿಲ್ಲೆಯ ನಿಫಾಡ್, 1842ರಲ್ಲಿ ಮಹಾದೇವ ಗೋವಿಂದ ರಾನಡೆಯವರು ಜನಿಸಿದ ಊರು. ವಿಧವಾವಿವಾಹದ ಪಕ್ಷಪಾತಿಗಳಾಗಿದ್ದ ಅವರು 1873ರಲ್ಲಿ ತಂದೆಯ ಹಟಕ್ಕೆ ಮಣಿದು 11 ವರ್ಷದ ರಮಾಬಾಯಿಯವರ ಕೈಹಿಡಿದರು. ಆಕೆ 1910ರಲ್ಲಿ ಪ್ರಕಟಿಸಿದ ಮರಾಠಿ ಸ್ಮೃತಿಗ್ರಂಥ ‘ಆಮಚ್ಯಾ ಆಯುಷ್ಯಾತೀಲ ಕಾಹೀ ಆಠವಣೀ’ಯನ್ನು ಪತಿಭಕ್ತಿಯ ಕಥನವೆಂದು ಓದುವುದು ವಾಡಿಕೆ. ಅದು ಅರ್ಧಸತ್ಯ.

ಗ್ರಂಥದ ಜೀವವಿರುವುದು ಪುಣೆಯ ಮನೆಯ ಹೆಂಗಸರ ನಡುವೆ. ಪತಿ ಕಲಿಸಿದ ಓದು ಹಿರಿಯ ಹೆಂಗಸರ ಕೊಂಕುನುಡಿಗೆ ಗುರಿಯಾಗುತ್ತದೆ. ಇಂಗ್ಲಿಷ್ ಕಲಿಸುವ ವಿದೇಶೀ ಮಹಿಳೆಯ ಬಳಿ ಕುಳಿತೆದ್ದ ಸೊಸೆ ಸ್ನಾನಮಾಡದೆ ಒಳಗಿನವರನ್ನು ಮುಟ್ಟುವಂತಿಲ್ಲ. ವಿದ್ಯೆಯ ಅಪರಾಧಕ್ಕೆ ಮೈ ದಂಡ ತೆರುತ್ತದೆ! ಹರೆಯಕ್ಕೆ ಕಾಲಿಡುತ್ತಿರುವ ಹುಡುಗಿ ತನ್ನ ದೇಹವನ್ನು ಅರಿಯುವುದು ಹೀಗೆ, ಪರರ ಮಡಿಗಣ್ಣಿನಿಂದ. ಒಂದೆಡೆ ಗುರುವಾದ ಪತಿಯ ಮೆಚ್ಚುಗೆ, ಇನ್ನೊಂದೆಡೆ ಅಡಿಗೆಮನೆಯ ತಿರಸ್ಕಾರ. ತನ್ನ ಬೆಲೆಯನ್ನು ತಾನೇ ಕಟ್ಟಿಕೊಳ್ಳಲು ಆಕೆಗೆ ಎಡೆಯೆಲ್ಲಿ? ಪತಿಯ ಮೆಚ್ಚುಗೆಯೂ ಒಂದು ಪರೀಕ್ಷೆಯೇ ಎಂಬುದನ್ನು ಮರೆಯಲಾಗದು.

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯೊಡನೆ ಇಟ್ಟು ನೋಡಿದರೆ ರಮಾಬಾಯಿಯವರ ಸಂಯಮ ಎದ್ದುಕಾಣುತ್ತದೆ. ಬಾಲವಿಧವೆ ಋತುಮತಿಯಾದೊಡನೆ ಆಕೆಯ ಕೂದಲನ್ನು ತೆಗೆಸಿದುದನ್ನು ಕನ್ನಡ ಲೇಖಕಿ ಮರೆಮಾಚದೆ ಹೇಳುತ್ತಾರೆ. ರಮಾಬಾಯಿಯವರಾದರೋ ಸ್ವಂತ ನೋವನ್ನು ನುಡಿಯುವಾಗಲೂ ಪತಿಯ ಗಾಂಭೀರ್ಯವನ್ನೇ ಮುಂದಿಡುತ್ತಾರೆ. ಕಾದಂಬರಿಗಿರುವ ಸ್ವಾತಂತ್ರ್ಯ ಆತ್ಮಕಥನಕ್ಕಿಲ್ಲವೆಂಬ ಸಮಾಧಾನ ಇಲ್ಲಿ ಸಾಲದು. ಗಂಡಿನ ಮಹತ್ತ್ವವನ್ನು ಬೆಳಗುವ ದೀಪವಾಗಿ ಮಾತ್ರ ತನ್ನ ಬಾಲ್ಯವನ್ನು ಬರೆಯುವುದು, ಬಾಲೆಗೆ ಎರಡನೆಯ ಸಲ ಸ್ನಾನಮಾಡಿಸಿದಂತೆ. 1909ರಲ್ಲಿ ಪುಣೆಯ ಸೇವಾಸದನವನ್ನು ಕಟ್ಟಿ ಹೆಣ್ಣುಮಕ್ಕಳಿಗೆ ಕೂಡಿ ಕಲಿಯುವ ನೆಲೆಯಾದವರ ಲೇಖನಿಯಲ್ಲಿ ಈ ಹಿಂಜರಿಕೆ ಉಳಿದಿರುವುದು ಗ್ರಂಥದ ಕೊರತೆಯೇ ಸರಿ.