‘ಯೂನಿವರ್ಸಲ್’ ರಿಮೋಟ್: ಹೆಸರಿಗೆ ತಕ್ಕಂತಿದೆಯೇ?

ಆಂಪ್ಲಿಫೈಯರ್‌ಗೆ ಒಂದು, ಸಿಡಿ ಪ್ಲೇಯರ್‌ಗೆ ಒಂದು, ಟಿವಿಗೆ ಒಂದು, ಸೆಟ್‌ಟಾಪ್ ಬಾಕ್ಸ್‌ಗೆ ಮತ್ತೊಂದು. ಈ ನಾಲ್ಕರ ಬದಲು ಒಂದೇ ಸಾಕು ಎಂಬುದು ಯೂನಿವರ್ಸಲ್ ರಿಮೋಟ್‌ನ ಭರವಸೆ. ಟಿವಿಯ ಮಟ್ಟಿಗೆ ಇದು ಬಹುಪಾಲು ನಿಜ. ಹಾಡು ಕೇಳುವ ಉಪಕರಣಗಳ ವಿಷಯದಲ್ಲಿ ಮಾತ್ರ ಅದು ಮುಗ್ಗರಿಸುತ್ತದೆ. ಕಾರಣ ಹುಡುಕುತ್ತ ಹೋದರೆ, ತಪ್ಪು ರಿಮೋಟಿನದಕ್ಕಿಂತ ಹೆಚ್ಚಾಗಿ ಉಪಕರಣ ತಯಾರಕರದು ಎಂದು ನಿಮಗೂ ಅನಿಸೀತು.

ಮೊದಲು ಅದು ಕೆಲಸ ಮಾಡುವ ಬಗೆ. ರಿಮೋಟಿನ ತುದಿಯ ಡಯೋಡ್ ಸೂಸುವುದು ಸಾಮಾನ್ಯವಾಗಿ 940 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕನ್ನು. ಅದು ಕಣ್ಣಿಗೆ ಕಾಣದು. ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದರೆ ಮಿಣುಕು ಕಾಣುತ್ತದೆ (ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿ). ಬಿಸಿಲಿನಲ್ಲೂ ಬಲ್ಬಿನಲ್ಲೂ ಅವಕೆಂಪು ಇದೆಯಲ್ಲ? ಅದರಿಂದ ಬೇರ್ಪಡಿಸಲೆಂದೇ ಈ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತಾರೆ. ಉಪಕರಣದಲ್ಲಿರುವ ಅಭಿಗ್ರಾಹಕ ಆ ಆವೃತ್ತಿಗೆ ಮಾತ್ರ ಓಗೊಡುತ್ತದೆ.

ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ 9 ಮಿಲಿಸೆಕೆಂಡಿನ ಸ್ಪಂದ, 4.5 ಮಿಲಿಸೆಕೆಂಡಿನ ಬಿಡುವು, ಬಳಿಕ 32 ಬಿಟ್‌ಗಳು. ‘0’ಕ್ಕೆ 1.125, ‘1’ಕ್ಕೆ 2.25 ಮಿಲಿಸೆಕೆಂಡ್. ಉಪಕರಣದ ವಿಳಾಸಕ್ಕೆ 8 ಬಿಟ್, ಅದನ್ನೇ ತಿರುವುಮುರುವು ಮಾಡಿ ಇನ್ನೊಮ್ಮೆ 8, ಆಜ್ಞೆಗೂ ಹಾಗೆಯೇ. ಒಟ್ಟು ಎಷ್ಟು ಸಮಯ ಹಿಡಿಯುತ್ತದೆಂದು ನಿಮ್ಮ ವಿದ್ಯಾರ್ಥಿಗಳಿಗೆ ಲೆಕ್ಕ ಕೊಡಿ. ಯಾವ ಗುಂಡಿ ಒತ್ತಿದರೂ ಹದಿನಾರು ಸೊನ್ನೆ, ಹದಿನಾರು ಒಂದು. ಆದ್ದರಿಂದ ಉತ್ತರ ಯಾವಾಗಲೂ 67.5 ಮಿಲಿಸೆಕೆಂಡ್, ಕೊನೆಯ ಪುಟ್ಟ ಸ್ಪಂದವನ್ನು ಬಿಟ್ಟು! ಸೋನಿಯದು 40 ಕಿಲೋಹರ್ಟ್ಸ್‌ನ ಬೇರೆ ಭಾಷೆ, ಫಿಲಿಪ್ಸ್‌ನ ಆರ್‌ಸಿ-5 ಇನ್ನೊಂದು, 36 ಕಿಲೋಹರ್ಟ್ಸ್‌ನದು. ಬ್ಯಾಂಗ್ ಅಂಡ್ ಓಲುಫ್ಸೆನ್ ಸಂಸ್ಥೆಯಂತೂ 455 ಕಿಲೋಹರ್ಟ್ಸ್ ಬಳಸಿತು. ಸಾಮಾನ್ಯ ರಿಮೋಟ್‌ಗೆ ಅದು ನಿಲುಕದು.

ಇಷ್ಟು ಭಾಷೆಗಳನ್ನು ಒಂದೇ ರಿಮೋಟ್‌ಗೆ ಕಲಿಸುವ ದಾರಿಗಳು ಮುಖ್ಯವಾಗಿ ಎರಡು. ಕಂಪೆನಿಯ ಹೆಸರಿನ ಮುಂದಿರುವ ಸಂಖ್ಯೆಯನ್ನು ಪುಸ್ತಿಕೆಯಲ್ಲಿ ನೋಡಿ ಒತ್ತುವುದು ಒಂದು. ಇದು ಸುಲಭ, ಆದರೆ ಒಳಗೆ ಏನಾಯಿತೆಂದು ತಿಳಿಯದು. ಆಂಪ್ಲಿಫೈಯರ್‌ನ ವಾಲ್ಯೂಮ್ ಹೊಂದಿಕೊಂಡರೂ ಸಿಡಿಯಿಂದ ಟ್ಯೂನರ್‌ಗೆ ಬದಲಿಸುವ ಗುಂಡಿಯೇ ಸಿಗದೆ ಹೋಗಬಹುದು. ನನ್ನ ಒಲವು ಎರಡನೆಯದರ ಕಡೆಗೆ: ಮೂಲ ರಿಮೋಟನ್ನು ಎದುರುಬದುರು ಇಟ್ಟು, ಒಂದೊಂದೇ ಗುಂಡಿಯ ಸ್ಪಂದಗಳನ್ನು ನಕಲು ಮಾಡಿಸುವುದು. ಇದರಲ್ಲೂ ಒಂದು ಮೋಜಿನ ತೊಡಕಿದೆ. ಆರ್‌ಸಿ-5ರಲ್ಲಿ ಗುಂಡಿಯನ್ನು ಹೊಸದಾಗಿ ಒತ್ತಿದಾಗಲೆಲ್ಲ ಒಂದು ಬಿಟ್ ಅದಲುಬದಲಾಗಬೇಕು. ಸ್ಪಂದಗಳನ್ನು ಗಿಳಿಪಾಠ ಮಾಡಿಕೊಂಡ ರಿಮೋಟ್ ಪ್ರತಿ ಸಲವೂ ಅದೇ ಬಿಟ್ ಕಳಿಸುತ್ತದೆ. ಗುಂಡಿಯನ್ನು ಇನ್ನೂ ಬಿಟ್ಟೇ ಇಲ್ಲವೆಂದು ಉಪಕರಣ ಭಾವಿಸುತ್ತದೆ! ವಾಲ್ಯೂಮ್‌ಗೆ ಇದರಿಂದ ತೊಂದರೆಯಿಲ್ಲ. ಆದರೆ ಹನ್ನೊಂದನೆಯ ಹಾಡಿಗೆಂದು 1ನ್ನು ಎರಡು ಸಲ ಒತ್ತಿದರೆ ಎರಡನೆಯದು ಲೆಕ್ಕಕ್ಕೆ ಬರದು.

ಇದೆಲ್ಲಕ್ಕಿಂತ ದೊಡ್ಡ ದೋಷ ಪವರ್ ಗುಂಡಿಯದು. ಅನೇಕ ರಿಮೋಟ್‌ಗಳಲ್ಲಿ ಆನ್ ಮಾಡಲೂ ಆಫ್ ಮಾಡಲೂ ಒಂದೇ ಸಂಕೇತ. ಅವಕೆಂಪು ರಿಮೋಟ್ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ‘ಹಾಡು ಕೇಳು’ ಎಂದು ಒಂದೇ ಗುಂಡಿಗೆ ನಾಲ್ಕು ಆಜ್ಞೆಗಳನ್ನು ಪೋಣಿಸಿದಿರಿ ಎನ್ನಿ. ಆಂಪ್ಲಿಫೈಯರ್ ಆಗಲೇ ಆನ್ ಆಗಿದ್ದರೆ ಅದು ಆಫ್ ಆಗುತ್ತದೆ, ಸಿಡಿ ಮೌನವಾಗಿ ತಿರುಗುತ್ತಿರುತ್ತದೆ. ಲಾಜಿಟೆಕ್‌ನ ಹಾರ್ಮನಿ ರಿಮೋಟ್‌ಗಳು ಯಾವುದು ಆನ್ ಇದೆ ಎಂದು ತಾವೇ ನೆನಪಿಟ್ಟುಕೊಂಡು, ಊಹೆ ತಪ್ಪಿದರೆ ಬಳಕೆದಾರರನ್ನೇ ಕೇಳಿ ಸರಿಪಡಿಸಿಕೊಳ್ಳುತ್ತಿದ್ದವು. ಜಾಣ ಉಪಾಯವೇ, ಆದರೆ ತೇಪೆ. ಆ ರಿಮೋಟ್‌ಗಳ ತಯಾರಿಕೆಯೂ 2021ರಲ್ಲಿ ನಿಂತಿತು.

ಸರಿಯಾದ ಪರಿಹಾರ ಎಷ್ಟೋ ಉಪಕರಣಗಳ ಒಳಗೇ ಇದೆ. ಆನ್‌ಗೆ ಒಂದು, ಆಫ್‌ಗೆ ಒಂದು ಎಂಬ ಪ್ರತ್ಯೇಕ ಸಂಕೇತಗಳನ್ನು ಅವು ಅರ್ಥ ಮಾಡಿಕೊಳ್ಳುತ್ತವೆ, ಆದರೆ ಜೊತೆಗೆ ಕೊಟ್ಟ ರಿಮೋಟ್‌ನಲ್ಲಿ ಆ ಗುಂಡಿಗಳಿರುವುದಿಲ್ಲ. ಇಲ್ಲದ ಗುಂಡಿಯಿಂದ ಕಲಿಸುವುದು ಹೇಗೆ? ಸಂಕೇತಗಳ ಪಟ್ಟಿಯನ್ನು ಪುಸ್ತಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕಿದ್ದರೆ ಕಂಪೆನಿಗೆ ಏನು ನಷ್ಟವಿತ್ತು? ರಿಮೋಟ್ ಕಳೆದುಹೋಯಿತೆಂದು, ಇಪ್ಪತ್ತು ವರ್ಷ ಚೆನ್ನಾಗಿ ಹಾಡಿದ ಆಂಪ್ಲಿಫೈಯರ್ ಗುಜರಿಗೆ ಹೋಗಬೇಕಿರಲಿಲ್ಲ. ಟಿವಿಗೆ ಎಚ್‌ಡಿಎಂಐ ತಂತಿಯಲ್ಲಿ ಸೇರಿದ ಹೊಸ ಉಪಕರಣಗಳು ಪರಸ್ಪರ ಮಾತಾಡಬಲ್ಲವು, ನಿಜ. ಹಳೆಯ ಸ್ಟೀರಿಯೊಗೆ ಆ ಭಾಗ್ಯವಿಲ್ಲ.

ನಿಮ್ಮಲ್ಲಿ ಅಂಥದೊಂದು ಸ್ಟೀರಿಯೊ ಇದ್ದರೆ, ಮೂಲ ರಿಮೋಟ್ ಸುಸ್ಥಿತಿಯಲ್ಲಿರುವಾಗಲೇ ಅದರ ಎಲ್ಲ ಗುಂಡಿಗಳನ್ನೂ ಕಲಿಸಿಡಿ. ಶಾಲೆಯಲ್ಲಾದರೆ 38 ಕಿಲೋಹರ್ಟ್ಸ್‌ನ ಮೂರು ಕಾಲಿನ ಅಭಿಗ್ರಾಹಕವನ್ನು ಒಂದು ಆರ್ಡುಯಿನೊ ಫಲಕಕ್ಕೆ ಜೋಡಿಸಿ. ಕಂಪೆನಿ ಅಚ್ಚು ಹಾಕದ ಆ ಪಟ್ಟಿಯಲ್ಲಿ, ಕೈಯಲ್ಲಿರುವ ಗುಂಡಿಗಳಷ್ಟನ್ನಾದರೂ ಮಕ್ಕಳೇ ಬರೆದಿಡಬಲ್ಲರು.