ಬಿಡುಗಡೆಯ ನಂತರದ ಸೆರೆ: ಶ್ರೀರಂಗಪಟ್ಟಣದ ಯುದ್ಧಕೈದಿಗಳ ಕಥನಗಳು

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೇಲಿಯ ಪಡೆ ಮೈಸೂರಿನ ಸೈನ್ಯದೆದುರು ಸಂಪೂರ್ಣವಾಗಿ ಸೋತಿತು. ಉಳಿದವರು ಸೆರೆಯಾದರು. ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಮೃತನಾದನು. 1784ರ ಮಂಗಳೂರು ಒಪ್ಪಂದದಂತೆ ಅನೇಕ ಕೈದಿಗಳು ಬಿಡುಗಡೆಗೊಂಡರು, ಎಲ್ಲರೂ ಅಲ್ಲ. ಈ ಸೆರೆವಾಸವನ್ನು ಕುರಿತು ಇಂಗ್ಲಿಷಿನಲ್ಲಿ ಹುಟ್ಟಿಕೊಂಡ ಬರಹಗಳನ್ನು ಚರಿತ್ರೆಕಾರರು ಬಹುಕಾಲ ಟಿಪ್ಪುವಿನ ವ್ಯಕ್ತಿತ್ವದ ಪರ ಅಥವಾ ವಿರುದ್ಧದ ಸಾಕ್ಷ್ಯಗಳೆಂದೇ ಬಳಸಿದ್ದಾರೆ. ಒಂದು ಪಕ್ಷ ಅವುಗಳನ್ನು ಕ್ರೌರ್ಯದ ದಾಖಲೆಗಳೆಂದು ನಂಬಿತು. ಇನ್ನೊಂದು ಪಕ್ಷ ವಸಾಹತುಶಾಹಿ ಪ್ರಚಾರವೆಂದು ತಳ್ಳಿಹಾಕಿತು. ಸೆರೆಯಿಂದ ಮರಳಿದ ಮನುಷ್ಯನ ಆತ್ಮಕಥನಗಳೆಂಬ ದೃಷ್ಟಿಯಿಂದ ಅವುಗಳನ್ನು ಓದುವ ಪ್ರಯತ್ನ ಎರಡೂ ಕಡೆ ವಿರಳವೆಂದೇ ಹೇಳಬೇಕು.

ಈ ಬರಹಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಮೊದಲನೆಯದು ಅಧಿಕಾರಿಗಳದು. 1788ರಲ್ಲಿ ಪ್ರಕಟವಾದ ವಿಲಿಯಂ ಥಾಮ್ಸನ್ನನ ಯುದ್ಧಸ್ಮೃತಿಗಳಲ್ಲಿ ಸೇರಿರುವ ಸೆರೆವಾಸದ ವೃತ್ತಾಂತ ಈ ವರ್ಗದ್ದು. ಅಧಿಕಾರಿಗೆ ಬಿಡುಗಡೆಯೆಂದರೆ ಕಳೆದುಹೋದ ಸ್ಥಾನಮಾನದ ಮರುಪ್ರಾಪ್ತಿ. ಡೇವಿಡ್ ಬೇರ್ಡ್‌ನ ಬದುಕು ಇದಕ್ಕೆ ಪರಿಪೂರ್ಣ ನಿದರ್ಶನ. ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಆತ, 1799ರ ಮೇ 4ರಂದು ಅದೇ ಕೋಟೆಯ ಮೇಲಿನ ದಾಳಿಯ ನಾಯಕತ್ವ ವಹಿಸಿದನು. ಟಿಪ್ಪುವಿನ ದೇಹವನ್ನು ಬೇರ್ಡ್ ಪತ್ತೆಹಚ್ಚುವ ದೃಶ್ಯವನ್ನು ಡೇವಿಡ್ ವಿಲ್ಕಿ 1839ರಲ್ಲಿ ಚಿತ್ರಿಸಿದನು. ಇಲ್ಲಿ ಸೆರೆವಾಸವು ವಿಜಯಕ್ಕೆ ಪೀಠಿಕೆಯಾಗುತ್ತದೆ; ಕಥೆ ನೆಮ್ಮದಿಯಾಗಿ ಮುಗಿಯುತ್ತದೆ.

ಎರಡನೆಯ ಬಗೆ ಕೆಳದರ್ಜೆಯವರದು. ಬಂಗಾಳ ಫಿರಂಗಿ ಪಡೆಯ ಜೇಮ್ಸ್ ಬ್ರಿಸ್ಟೋ ಮತ್ತು 'ಹ್ಯಾನಿಬಾಲ್' ಹಡಗಿನ ಹುಡುಗ ಜೇಮ್ಸ್ ಸ್ಕರಿ ತಲಾ ಹತ್ತು ವರ್ಷಗಳ ಸೆರೆಯನ್ನು ಬರೆದಿದ್ದಾರೆ. ಸ್ಕರಿಯ ಹಡಗನ್ನು 1782ರಲ್ಲಿ ಫ್ರೆಂಚರು ಹಿಡಿದು, ಅದರಲ್ಲಿದ್ದವರನ್ನು ಹೈದರನಿಗೆ ಒಪ್ಪಿಸಿದರು. ಇವರಿಬ್ಬರಿಗೂ ಬಲವಂತದಿಂದ ಸುನ್ನತಿ ಮಾಡಿಸಿ, ಚೇಲಾ ಪಡೆಗೆ ಸೇರಿಸಲಾಯಿತು. ಸ್ಕರಿಯು ಶಂಶೇರ್ ಖಾನ್ ಎಂಬ ಹೆಸರು ಹೊತ್ತನು. ಅಲ್ಲಿಯೇ ಅವನ ಮದುವೆಯೂ ಆಯಿತು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಅವನು ಪಾರಾದನು.

ಈ ಕಥನದ ಬಹುಮುಖ್ಯ ಭಾಗವಿರುವುದು ಪಾರಾದ ಮೇಲೆ. ಸ್ವದೇಶಕ್ಕೆ ಮರಳಿದ ಸ್ಕರಿಗೆ ಕುರ್ಚಿಯಲ್ಲಿ ಕೂರುವುದು ಬರುತ್ತಿರಲಿಲ್ಲ. ಚಾಕು-ಮುಳ್ಳುಚಮಚ ಹಿಡಿಯುವುದು ಮರೆತುಹೋಗಿತ್ತು. ಮೈಬಣ್ಣ ಕಪ್ಪಾಗಿತ್ತು. ಯುರೋಪಿಯನ್ ಉಡುಪು ಹಿಂಸೆಯೆನಿಸುತ್ತಿತ್ತು. ತಾಯ್ನುಡಿಯೇ ನಾಲಗೆಯ ಮೇಲೆ ತಡವರಿಸುತ್ತಿತ್ತು. ಸೆರೆಯಲ್ಲೂ ತನ್ನ ಧರ್ಮ, ದೇಶನಿಷ್ಠೆಗಳು ಅಚಲವಾಗಿದ್ದವೆಂದು ತೋರಿಸುವುದು ಇಂತಹ ಕಥನಗಳ ಅಘೋಷಿತ ನಿಯಮ. ಆದರೆ ಲೇಖನಿ ಮುಚ್ಚಿಡಬೇಕಾದುದನ್ನು ದೇಹ ಹೊರಗೆಡಹುತ್ತದೆ. ಹತ್ತು ವರ್ಷ ನೆಲದ ಮೇಲೆ ಕುಳಿತು ಕೈಯಲ್ಲಿ ಉಂಡವನಿಗೆ ಯಾವುದು ಬಂಧನ, ಯಾವುದು ಮನೆ ಎಂಬ ಗೆರೆ ಅಳಿಸಿಹೋಗಿರುತ್ತದೆ. ಬಿಟ್ಟುಬಂದ ಪತ್ನಿಯ ಪ್ರಸಂಗದಲ್ಲಿ ಈ ತೊಡಕು ತೀವ್ರವಾಗುತ್ತದೆ: ಒಂದು ಮನೆಗೆ ಮರಳುವುದೆಂದರೆ ಇನ್ನೊಂದನ್ನು ತೊರೆಯುವುದು.

ಪ್ರಕಟಣೆಯ ಸಂದರ್ಭವನ್ನೂ ಮರೆಯುವಂತಿಲ್ಲ. ಬ್ರಿಸ್ಟೋನ ಕೃತಿ ಲಂಡನ್ನಿನಲ್ಲಿ 1793ರಲ್ಲಿ, ಟಿಪ್ಪುವಿನೊಡನೆ ಯುದ್ಧ ಮುಗಿದ ಬೆನ್ನಲ್ಲೇ ಹೊರಬಂದಿತು. ಕಂಪನಿಗೆ ಅದು ಒದಗಿಬರುವಂತಹದಾಗಿತ್ತು. ಸ್ಕರಿಯ ಕೃತಿ 1824ರಲ್ಲಿ, ಮೈಸೂರಿನ ಭಯ ಸಂಪೂರ್ಣವಾಗಿ ಅಡಗಿದ ಮೇಲೆ ಅಚ್ಚಾಯಿತು. ಲಿಂಡಾ ಕಾಲಿ ಅವರು 'ಕ್ಯಾಪ್ಟಿವ್ಸ್' (2002) ಗ್ರಂಥದಲ್ಲಿ ಇಂತಹ ಕಥನಗಳನ್ನು ಸಾಮ್ರಾಜ್ಯದ ದೌರ್ಬಲ್ಯದ ಕುರುಹುಗಳಾಗಿ ಓದಿದ್ದಾರೆ. ಈ ಓದು ಮೌಲಿಕವಾದುದು. ಆದರೂ ಅದರ ಕೇಂದ್ರದಲ್ಲಿರುವುದು ಸಾಮ್ರಾಜ್ಯವೇ. ಕನ್ನಡ ನೆಲದಲ್ಲಿ ನಿಂತು ಓದುವವರು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಬೇಲಿಯ ಪಡೆಯಲ್ಲಿ ಬಹುಸಂಖ್ಯಾತರಾಗಿದ್ದವರು ಭಾರತೀಯ ಸಿಪಾಯಿಗಳು. ಅವರೂ ಸೆರೆಯಾದರು, ಅವರಲ್ಲಿ ಹಲವರು ಊರಿಗೆ ಮರಳಿದರು. ಆದರೆ ಅವರ ಮರಳುವಿಕೆಯನ್ನು ಈ ಕಥನಪರಂಪರೆ ದಾಖಲಿಸುವುದಿಲ್ಲ. ಸ್ಕರಿಯ ಪತ್ನಿಯೂ ಅವನ ಮಾತಿನಲ್ಲಿ ಮಾತ್ರ ಉಳಿದಿದ್ದಾಳೆ. ಶ್ರೀರಂಗಪಟ್ಟಣದಲ್ಲಿ ಇಂದಿಗೂ ಬೇಲಿಯ ಹೆಸರಿನ ಸೆರೆಮನೆಯಿದೆ. 1816ರಲ್ಲಿ ಕಟ್ಟಿಸಿದ ಅವನ ಸ್ಮಾರಕವೂ ಇದೆ. ಹೆಸರಿಲ್ಲದವರ ಪಾಲಿಗೆ ಉಳಿದಿರುವುದು ಈ ಬರಹಗಳ ಅಂಚಿನ ವಾಕ್ಯಗಳು ಮಾತ್ರ. ಅವುಗಳನ್ನು ಟಿಪ್ಪುವಿನ ಮೇಲಿನ ವ್ಯಾಜ್ಯದಿಂದ ಬಿಡಿಸಿ ಓದದ ಹೊರತು ಆ ಸೆರೆಯ ಕಥೆ ಪೂರ್ಣವಾಗದು.