ಮನೆ ಧೂಪದ ಗುಟ್ಟು ತೊಗಟೆಯಲ್ಲಿ

ಮನೆಯಲ್ಲೇ ಧೂಪ ಮಾಡಲು ಹೊರಟವರ ಮೊದಲ ಪ್ರಯತ್ನ ಸಾಮಾನ್ಯವಾಗಿ ಹೀಗಾಗುತ್ತದೆ: ಹೊತ್ತಿಸಿದ ಅರೆ ನಿಮಿಷಕ್ಕೆ ಆರಿಹೋಗುತ್ತದೆ, ಇಲ್ಲವೇ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತದೆ. ಒಣಗಿದ ಗುಲಾಬಿ, ತುಪ್ಪ, ಕರ್ಪೂರ, ಸಾಂಬ್ರಾಣಿ ಎಲ್ಲವನ್ನೂ ಸುರಿದು ಉಂಡೆ ಕಟ್ಟುವವರು ಪರಿಮಳದ ಬಗ್ಗೆ ಬೇಕಾದಷ್ಟು ಯೋಚಿಸಿರುತ್ತಾರೆ, ಉರಿಯ ಬಗ್ಗೆ ಯೋಚಿಸಿರುವುದಿಲ್ಲ. ಧೂಪ ಜ್ವಾಲೆಯಿಲ್ಲದೆ ಕೆಂಡವಾಗಿ, ತುದಿಯಿಂದ ಬುಡಕ್ಕೆ ಒಂದೇ ಹದದಲ್ಲಿ ಇಳಿಯಬೇಕು.

ಈ ಹದ ಕೊಡುವುದು ಜಿಗಟು. ಪಶ್ಚಿಮಘಟ್ಟದ ಗುಳಮಾವಿನಂಥ ಮರಗಳ ತೊಗಟೆಯ ಪುಡಿ ಇದು. ನೀರು ತಾಗಿದೊಡನೆ ಲೋಳೆಯಾಗಿ ಪುಡಿಗಳನ್ನೆಲ್ಲ ಹಿಡಿದುಕೊಳ್ಳುತ್ತದೆ, ಒಣಗಿದ ಮೇಲೆ ತನ್ನ ವಾಸನೆಯನ್ನು ಮುಂದೆ ಮಾಡದೆ ಸಮವಾಗಿ ಉರಿಯುತ್ತದೆ. ಜಪಾನಿನ ಧೂಪದವರು ಬಳಸುವ ‘ಮಕ್ಕೋ’ ಕೂಡ ಗುಳಮಾವಿನ ಹತ್ತಿರದ ನೆಂಟನಾದ ತಾಬು ಮರದ ಪುಡಿಯೇ. ದೂರದ ಎರಡು ನಾಡುಗಳ ಕುಶಲಿಗಳು ಒಂದೇ ಕುಲದ ಮರಕ್ಕೆ ಬಂದು ಮುಟ್ಟಿರುವುದು ಸೋಜಿಗವೇ ಸರಿ.

ಆದರೆ ಈ ಮರದ ಕಥೆ ಅಷ್ಟು ಸುಗಂಧಮಯವಲ್ಲ. ಕಾಂಡದ ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆ, ಮಲೆನಾಡಿನ ಕಾಡುಗಳಲ್ಲಿ ಊದುಬತ್ತಿಗಾಗಿ ಹಾಗೆ ಸತ್ತ ಮರಗಳಿವೆ. ಗುಗ್ಗುಳದ ಗಿಡ, ಹಿಮಾಲಯದ ಜಟಾಮಾಂಸಿ ಇವೂ ಅಳಿವಿನ ಅಂಚಿನ ಪಟ್ಟಿಯಲ್ಲಿವೆ. ‘ನೈಸರ್ಗಿಕ’ ಎಂಬ ಮಾತಿಗೆ ಮರುಳಾಗುವ ರಸಿಕರು ಇದನ್ನು ತಿಳಿದಿರಬೇಕು. ಮನೆಬಳಕೆಗೆ ವರ್ಷಕ್ಕೆ ಹಿಡಿಯಷ್ಟು ಜಿಗಟು ಸಾಕು, ಅದಕ್ಕಿಂತ ಹೆಚ್ಚು ಕೊಂಡು ಡಬ್ಬಿ ತುಂಬಿಸುವುದರಲ್ಲಿ ಅರ್ಥವಿಲ್ಲ.

ಅಂಟಿನ ಮಾತಾಯಿತು, ಇನ್ನು ಗಂಧ. ಬೆಂಗಳೂರಿನ ಚಿಕ್ಕಪೇಟೆಯ ಕಡೆಯ ಗ್ರಂದಿಗೆ ಅಂಗಡಿಗಳಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಸಿಗುವ ಲಾವಂಚ, ಕೊನ್ನಾರಿ ಗೆಡ್ಡೆ, ಕಚೋರ, ದವನ, ಪಚ್ಚೆತೆನೆ, ದಾಲ್ಚಿನ್ನಿಗಳಲ್ಲೇ ಒಂದು ಲೋಕವಿದೆ. ಹೂವಿನ ವಿಷಯದಲ್ಲಿ ಮಾತ್ರ ಭ್ರಮೆ ಬೇಡ. ಗುಲಾಬಿಯ ಪಕಳೆ, ಮಲ್ಲಿಗೆ ಸುಟ್ಟರೆ ಒಣ ಎಲೆ ಸುಟ್ಟ ವಾಸನೆಯೇ ಬರುತ್ತದೆ. ಗುಲಾಬಿ ಘಮದ ಬತ್ತಿಯಲ್ಲಿ ಗುಲಾಬಿಯಂತೆ ಮೂಗಿಗೆ ಬಡಿಯುವುದು ಮೇಲೆ ಬೆರೆಸಿದ ಸೆಂಟು. ಪೇಟೆಯ ಹೂವಿಗೆ ಕೀಟನಾಶಕ ಹೊಡೆದಿರುವ ಸಂಭವವೂ ಇದೆ. ಇನ್ನು ಕಣಗಿಲೆಯಂತೂ ಹೂವು, ಎಲೆ, ಕಡ್ಡಿ ಯಾವ ರೂಪದಲ್ಲೂ ಧೂಪಕ್ಕೆ ಸಲ್ಲದು, ಇಡೀ ಗಿಡವೇ ವಿಷ.

ಹೊಸಬರಿಗೆ ಕೈಕೊಡದ ಒಂದು ಹದ ಹೀಗಿದೆ. ಲಾವಂಚದ ಪುಡಿ 3 ಚಮಚ, ಶ್ರೀಗಂಧದ ಪುಡಿ 2, ಕೊನ್ನಾರಿ ಗೆಡ್ಡೆಯದು 1, ಜಿಗಟು 2, ಸಾಂಬ್ರಾಣಿ ಅರ್ಧ. ಸಾಂಬ್ರಾಣಿಯನ್ನು ಇಲ್ಲಿ ಬೇಕೆಂದೇ ಹಿಡಿತದಲ್ಲಿಟ್ಟಿದೆ: ರಾಳ ಮೊದಲು ಕರಗುತ್ತದೆ, ಆಮೇಲೆ ಉರಿಯುತ್ತದೆ. ಹೆಚ್ಚಾದರೆ ಕರಗಿದ ರಾಳವೇ ಕೆಂಡವನ್ನು ಉಸಿರುಗಟ್ಟಿಸುತ್ತದೆ, ಹೊಗೆಯೂ ದಟ್ಟವಾಗುತ್ತದೆ. ಅದನ್ನು ನೇರವಾಗಿ ಮಿಕ್ಸಿಗೆ ಹಾಕಿದರೆ ಬಿಸಿಗೆ ಅಂಟಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ಕುಟ್ಟಾಣಿಯಲ್ಲಿ ಚಿಟಿಕೆ ಗಂಧದ ಪುಡಿಯೊಂದಿಗೆ ಕುಟ್ಟುವುದು ಜಾಣತನ. ಪುಡಿ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಇರಲಿ, ಹತ್ತಿರದಲ್ಲಿ ಒಲೆ ಉರಿಯದಿರಲಿ.

ನೀರನ್ನು ಚಮಚ ಚಮಚವಾಗಿ ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ಒಂದು ಸೆಂಟಿಮೀಟರು ಬುಡದ, ಎರಡೂವರೆ ಎತ್ತರದ ಗೋಪುರ ಸಾಕು. ದಪ್ಪನಾದಷ್ಟೂ ಒಳಗೆ ಹಸಿ ಉಳಿದು ಉರಿ ನಿಲ್ಲುತ್ತದೆ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲಿ ವಾರ ಬೇಕು. ಮಳೆಗಾಲ ಈ ಕೆಲಸಕ್ಕೆ ಕಾಲವಲ್ಲ. ತುಪ್ಪ, ಎಣ್ಣೆ ಬೆರೆಸುವ ಚಾಳಿಯನ್ನು ಬಿಟ್ಟರೆ ಅರ್ಧ ಹೊಗೆ ಅಲ್ಲೇ ತಗ್ಗುತ್ತದೆ. ಬೇಗ ಹೊತ್ತಲೆಂದು ಪೆಟ್ಲುಪ್ಪು ಸೇರಿಸುವುದಂತೂ ಪಟಾಕಿಯವರ ಕೆಲಸ, ಧೂಪದವರದ್ದಲ್ಲ.

ಈ ಹುಚ್ಚು ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಧೂಪಭೋಗಕ್ಕೆ ಪ್ರತ್ಯೇಕ ಭಾಗವೇ ಇದೆ. ಅರಮನೆಯಲ್ಲಿ ಗಾಳಿಯಾಡಲು ಜಾಗ ಬೇಕಾದಷ್ಟಿತ್ತು ಎಂಬುದನ್ನೂ ನೆನಪಿಡಬೇಕು. ಇಂದಿನ ಫ್ಲ್ಯಾಟಿನ ದೇವರಕೋಣೆಗೆ ಕಿಟಕಿಯೇ ಇರುವುದಿಲ್ಲ.

ಹೊಗೆ ಎಷ್ಟು ಶುದ್ಧ ಸಾಮಗ್ರಿಯಿಂದ ಬಂದರೂ ಹೊಗೆಯೇ. 2008ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ವಿಮರ್ಶಾ ಲೇಖನದ ಪ್ರಕಾರ ಒಂದು ಗ್ರಾಂ ಸುಟ್ಟಾಗ ಸಿಗರೇಟು ಸುಮಾರು 10 ಮಿಲಿಗ್ರಾಂ ಸೂಕ್ಷ್ಮ ಕಣ ಬಿಟ್ಟರೆ, ಧೂಪ 45 ಮಿಲಿಗ್ರಾಂಗೂ ಹೆಚ್ಚು ಬಿಡುತ್ತದೆ. ಹಾಗೆಂದು ಮನೆಯ ಧೂಪಕ್ಕೆ ಬೆಲೆಯಿಲ್ಲವೆಂದಲ್ಲ. ಒಳಗೆ ಏನಿದೆ ಎಂಬುದು ಮಾಡಿದವರಿಗೆ ಗೊತ್ತಿರುತ್ತದೆ, ಅದೇ ಅದರ ದೊಡ್ಡ ಲಾಭ. ಅಂಗಡಿಯ ಅಗ್ಗದ ಬತ್ತಿಯನ್ನು ಅದ್ದುವ ಸೆಂಟಿನಲ್ಲಿ ಥ್ಯಾಲೇಟ್ ದ್ರಾವಕ ಇರುವುದುಂಟು. 2025ರ ಕೊನೆಯಲ್ಲಿ ಭಾರತೀಯ ಮಾನಕ ಬ್ಯೂರೋ ಅಗರಬತ್ತಿಗೆಂದೇ ತಂದ ಮಾನದಂಡದಲ್ಲಿ ಅಲೆಥ್ರಿನ್, ಸೈಪರ್‌ಮೆಥ್ರಿನ್, ಫಿಪ್ರೋನಿಲ್‌ನಂಥ ಕೀಟನಾಶಕಗಳನ್ನು ಹೆಸರು ಹಿಡಿದು ನಿಷೇಧಿಸಬೇಕಾಯಿತು.

ಉಬ್ಬಸದವರು, ಎಳೆಗೂಸು ಇರುವ ಮನೆಯಲ್ಲಿ ಹಚ್ಚದಿರುವುದೇ ಮೇಲು. ಉಳಿದವರು ಕಿಟಕಿ ತೆರೆದು, ಪರದೆ, ಹತ್ತಿ, ಕಾಗದದಿಂದ ದೂರ, ಮರಳು ತುಂಬಿದ ಬಟ್ಟಲಿನಲ್ಲಿ ಹಚ್ಚಬಹುದು. ಮರದ ಮಂಟಪದ ಮೇಲೆ ಬರಿಯ ಹಿತ್ತಾಳೆ ತಟ್ಟೆ ಸಾಲದು, ಅದು ಅಡಿಯವರೆಗೂ ಕಾಯುತ್ತದೆ. ಗೋಪುರವನ್ನು ಬುಡದವರೆಗೆ ಉರಿಸಲೇಬೇಕೆಂದೂ ಇಲ್ಲ. ಹತ್ತು ನಿಮಿಷಕ್ಕೆ ಕೋಣೆ ಘಮ್ಮೆಂದ ಮೇಲೆ ತಲೆಕೆಳಗಾಗಿ ಮರಳಿಗೊತ್ತಿ, ಪೂರ್ತಿ ಆರಿದೆಯೆಂದು ನೋಡಿಕೊಂಡರೆ ಉಳಿದದ್ದು ನಾಳೆಗಾಗುತ್ತದೆ.